ಇಬ್ಬರು ಶಾನಭಾಗರು ಮತ್ತು ಓದುಗರ ಲೆಕ್ಕ

ಊರಿನ ಜಮೀನು, ಕಂದಾಯ, ಬಾಕಿಗಳ ಲೆಕ್ಕ ಬರೆದಿಡುತ್ತಿದ್ದವನು ಶಾನುಭೋಗ. ಆ ಕಸುಬಿನಿಂದ ಬಂದ ಅಡ್ಡಹೆಸರು ಶಾನಭಾಗ. ಅದೇ ಹೆಸರಿನ, ಒಂದೇ ಬಂಧುಬಳಗಕ್ಕೆ ಸೇರಿದ ಇಬ್ಬರು ಇಪ್ಪತ್ತನೇ ಶತಮಾನದಲ್ಲಿ ಎರಡು ದೊಡ್ಡ ನಗರಗಳಲ್ಲಿ ಬೇರೊಂದು ಬಗೆಯ ಲೆಕ್ಕ ಇಟ್ಟರು. ಯಾರು ಏನು ಓದುತ್ತಾರೆ, ಏನನ್ನು ಹುಡುಕುತ್ತಿದ್ದಾರೆ, ಮುಂದೆ ಏನು ಓದಿದರೆ ಒಳ್ಳೆಯದು ಎಂಬ ಲೆಕ್ಕ ಅದು. ಮುಂಬಯಿಯ ಸ್ಟ್ರಾಂಡ್ ಬುಕ್ ಸ್ಟಾಲಿನ ಟಿ. ಎನ್. ಶಾನಭಾಗರು ಹಿರಿಯರು. ಬೆಂಗಳೂರಿನ ಪ್ರೀಮಿಯರ್ ಬುಕ್ ಶಾಪಿನ ಟಿ. ಎಸ್. ಶಾನಭಾಗರು ಕಿರಿಯರು. ಇವತ್ತು ಎರಡು ಅಂಗಡಿಗಳೂ ಇಲ್ಲ. ಅವು ಹೇಗೆ ನಡೆದವು, ಹೇಗೆ ಮುಚ್ಚಿದವು ಎಂಬುದನ್ನು ಜೊತೆಗಿಟ್ಟು ನೋಡಿದರೆ, ಊರು ಬಿಟ್ಟು ಬಂದು ಕನ್ನಡ ಓದುತ್ತಿರುವ ನಮಗೂ ಅದರಲ್ಲಿ ಒಂದು ಪಾಠ ಕಾಣುತ್ತದೆ.

ಸ್ಟ್ರಾಂಡ್ ಶುರುವಾದದ್ದು 1948ರಲ್ಲಿ, ಕೊಲಾಬಾದ ಸ್ಟ್ರಾಂಡ್ ಚಿತ್ರಮಂದಿರದ ಆವರಣದಲ್ಲಿ. ಕೈಯಲ್ಲಿದ್ದ ಬಂಡವಾಳ 450 ರೂಪಾಯಿ ಎಂಬುದು ಪ್ರಸಿದ್ಧ ಮಾತು. ಸಿನಿಮಾಕ್ಕೆ ಬಂದವರು ಆಟ ಶುರುವಾಗುವವರೆಗೆ ಪುಸ್ತಕ ತಿರುವಿಹಾಕಬಹುದಿತ್ತು. ಮುಂದೆ ಅಂಗಡಿ ಫೋರ್ಟ್ ಭಾಗದ ಸರ್ ಫಿರೋಜ್‌ಶಾ ಮೆಹ್ತಾ ರಸ್ತೆಗೆ ಬಂತು. ಸುತ್ತಮುತ್ತ ಬ್ಯಾಂಕುಗಳು, ವಕೀಲರ ಕಚೇರಿಗಳು, ವಿಮಾ ಕಂಪನಿಗಳು. ಚರ್ಚ್‌ಗೇಟಿನಲ್ಲೋ ವಿ.ಟಿ.ಯಲ್ಲೋ ಲೋಕಲ್ ಇಳಿದು ಆಫೀಸಿಗೆ ನಡೆಯುವವರ ದಾರಿಯಲ್ಲೇ ಅಂಗಡಿ ಸಿಗುತ್ತಿತ್ತು.

ಆ ಕಾಲದಲ್ಲಿ ಸಂಬಳದವರಿಗೆ ಇಂಗ್ಲಿಷ್ ಪುಸ್ತಕ ಎಷ್ಟು ದುಬಾರಿಯಾಗಿತ್ತು ಎಂಬುದನ್ನು ನಾವು ಮರೆತಿದ್ದೇವೆ. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಯಿತು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರು 7 ರೂಪಾಯಿ 50 ಪೈಸೆ ಆಯಿತು. 13 ರೂಪಾಯಿ ಚಿಲ್ಲರೆ ಇದ್ದ ಪೌಂಡು 21ಕ್ಕೆ ಏರಿತು. ಲಂಡನ್ನಿನಲ್ಲಿ ಒಂದು ಪೌಂಡಿನ ಪುಸ್ತಕ ಅದೇ ಒಂದು ಪೌಂಡಿನಲ್ಲೇ ಉಳಿದರೂ ಇಲ್ಲಿ ಅದರ ಬೆಲೆ ಅರ್ಧಕ್ಕಿಂತ ಹೆಚ್ಚು ಏರಿದಂತಾಯಿತು. ಇಂಥ ದಿನಗಳಲ್ಲಿ ರಿಯಾಯಿತಿ ಕೊಡುವ ಅಂಗಡಿಯೆಂದರೆ, ತಿಂಗಳಿಗೆ ಒಂದು ಪುಸ್ತಕ ಕೊಳ್ಳುವವನು ಎರಡು ಕೊಳ್ಳಬಹುದಾದ ಅಂಗಡಿ. ಸ್ಟ್ರಾಂಡ್ ಹೆಸರು ಮಾಡಿದ್ದು ಮೊದಲು ಈ ರಿಯಾಯಿತಿಯಿಂದ. ಸುಂದರಾಬಾಯಿ ಹಾಲಿನಲ್ಲಿ ಅದು ನಡೆಸುತ್ತಿದ್ದ ಪುಸ್ತಕ ಮೇಳಕ್ಕೆಂದೇ ಹಣ ಕೂಡಿಡುವ ಮನೆಗಳಿದ್ದವು.

ಪುಸ್ತಕದ ವ್ಯಾಪಾರದಲ್ಲಿ ರಿಯಾಯಿತಿ ಎಲ್ಲಿಂದ ಬರುತ್ತದೆ? ಪುಸ್ತಕದ ಮೇಲೆ ಬೆಲೆ ಅಚ್ಚಾಗಿರುತ್ತದೆ. ಅಂಗಡಿಯವನು ಅದನ್ನು ಏರಿಸುವಂತಿಲ್ಲ, ಇಳಿಸಬಹುದು ಅಷ್ಟೆ. 500 ರೂಪಾಯಿಯ ಪುಸ್ತಕ ಅವನಿಗೆ ಸುಮಾರು 300ಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಶೇಕಡ 20 ಬಿಟ್ಟು 400ಕ್ಕೆ ಮಾರಿದರೆ ಉಳಿಯುವುದು 100. ಅದರಲ್ಲೇ ಬಾಡಿಗೆ, ಕೆಲಸದವರ ಸಂಬಳ, ಕರೆಂಟು, ಮಾರಾಟವಾಗದೆ ಕುಳಿತ ಪುಸ್ತಕಗಳ ನಷ್ಟ ಎಲ್ಲವೂ ಕಳೆಯಬೇಕು. ಈ ಲೆಕ್ಕ ಕೂಡಿಬರಬೇಕಾದರೆ ಕೊಂಡವರು ಮತ್ತೆ ಮತ್ತೆ ಬರಬೇಕು. ತಿಂಗಳ ಮೊದಲ ವಾರ ಸಂಬಳ ಕೈಗೆ ಬಂದ ಕೂಡಲೆ ಬರುವ ಗಿರಾಕಿಯೇ ಇಂಥ ಅಂಗಡಿಯ ನಿಜವಾದ ಬಂಡವಾಳ. ಅಂಗಡಿಯವನು ಓದುಗನ ರುಚಿಯನ್ನು ನೆನಪಿಟ್ಟುಕೊಳ್ಳುವುದರಲ್ಲಿ ಪ್ರೀತಿಯೂ ಇತ್ತು, ಹೊಟ್ಟೆಪಾಡೂ ಇತ್ತು. ಎರಡನ್ನೂ ಬೇರೆ ಮಾಡಿ ನೋಡಬೇಕಾಗಿಲ್ಲ.

ಕಿರಿಯ ಶಾನಭಾಗರು ಈ ಪಾಠ ಕಲಿತದ್ದು ಸ್ಟ್ರಾಂಡ್‌ನಲ್ಲೇ. 1971ರಲ್ಲಿ ಅವರು ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿ, ಚರ್ಚ್ ಸ್ಟ್ರೀಟಿನ ಸಮೀಪ, ಪ್ರೀಮಿಯರ್ ತೆರೆದರು. ಅಲ್ಲಿಗೆ ಹೋದವರೆಲ್ಲ ಹೇಳುವ ಚಿತ್ರ ಒಂದೇ. ಸಣ್ಣ ಅಂಗಡಿ, ನೆಲದಿಂದ ಮೇಲಿನವರೆಗೆ ಪುಸ್ತಕದ ರಾಶಿ, ಒಂದು ಸಾಲಿನ ಹಿಂದೆ ಇನ್ನೊಂದು ಸಾಲು, ನಡುವೆ ಒಬ್ಬರು ಹೋದರೆ ಇನ್ನೊಬ್ಬರು ಸರಿಯಬೇಕಾದ ಓಣಿ. ಕೇಳಿದ ಪುಸ್ತಕ ಯಾವ ರಾಶಿಯ ಯಾವ ಪದರದಲ್ಲಿದೆ ಎಂಬುದು ಶಾನಭಾಗರಿಗೆ ಗೊತ್ತಿರುತ್ತಿತ್ತು. ಮಾತು ಕಡಿಮೆ. ಬಿಲ್ಲಿನಲ್ಲಿ ರಿಯಾಯಿತಿಯನ್ನು ಕೇಳುವ ಮೊದಲೇ ಕಳೆದಿರುತ್ತಿದ್ದರು. ರಾಮಚಂದ್ರ ಗುಹಾ ಅವರು ಈ ಅಂಗಡಿಯ ಬಗ್ಗೆ ಅಭಿಮಾನದಿಂದ ಬರೆದಿದ್ದಾರೆ. ಹೆಸರಾಂತ ಲೇಖಕರ ಪಕ್ಕದಲ್ಲೇ ಪರೀಕ್ಷೆಗೆ ಓದುವ ಹುಡುಗರೂ ರಾಶಿ ಕೆದಕುತ್ತಿದ್ದರು.

ಇದನ್ನು ಓದುಗರ ಸಮುದಾಯ ಎನ್ನಬಹುದೇ? ಅಲ್ಲಿ ಸದಸ್ಯತ್ವ ಇರಲಿಲ್ಲ, ಅಧ್ಯಕ್ಷರಿರಲಿಲ್ಲ. ಬಂದವರಲ್ಲಿ ಅನೇಕರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ಒಂದು ರಾಶಿಯ ಮುಂದೆ ನಿಂತ ಇಬ್ಬರಲ್ಲಿ ಒಬ್ಬರು ಕೆಳಗಿಟ್ಟ ಪುಸ್ತಕವನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಒಬ್ಬ ಓದುಗ ಕೇಳಿದ್ದರಿಂದ ತರಿಸಿದ ಲೇಖಕನ ಇನ್ನೊಂದು ಪ್ರತಿ ಮತ್ತೊಬ್ಬನ ಕೈಗೆ ಸಿಗುತ್ತದೆ. ಎಲ್ಲರ ರುಚಿಯೂ ಅಂಗಡಿಯವನ ತಲೆಯಲ್ಲಿ ಒಂದೆಡೆ ಸೇರಿ, ಮುಂದಿನ ತಿಂಗಳ ಖರೀದಿಯಾಗಿ ಹೊರಬರುತ್ತದೆ. ಊರಿನ ಬಾವಿಕಟ್ಟೆಯಂತೆ, ಯಾರೂ ಸಭೆ ಕರೆಯದೆ ನಡೆಯುವ ಕೂಟ ಅದು.

ಆ ಕೂಟದ ದೌರ್ಬಲ್ಯವೂ ಅಲ್ಲೇ ಇತ್ತು. ಒಬ್ಬರ ನೆನಪಿನ ಮೇಲೆ ನಿಂತ ಅಂಗಡಿಯನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಕಷ್ಟ. ಹಿರಿಯ ಶಾನಭಾಗರಿಗೆ 2003ರಲ್ಲಿ ಪದ್ಮಶ್ರೀ ಬಂತು. ಪುಸ್ತಕ ವ್ಯಾಪಾರಿಗೆ ಅದು ಅಪೂರ್ವ ಗೌರವ. 2009ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಬೆಂಗಳೂರಿನಲ್ಲಿ ಪ್ರೀಮಿಯರ್ ಮುಚ್ಚಿತು. ಸ್ಟ್ರಾಂಡ್ 2018ರ ಫೆಬ್ರವರಿವರೆಗೆ ನಡೆದು ನಿಂತಿತು. ಕಿರಿಯ ಶಾನಭಾಗರು 2021ರ ಮೇ ತಿಂಗಳಲ್ಲಿ ಕೋವಿಡ್‌ಗೆ ಬಲಿಯಾದರು. ಇವುಗಳ ನಡುವೆ ಇನ್ನೊಂದು ಇಸವಿ ಸೇರಿಸಬೇಕು. 2007ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕಗಳನ್ನೇ. ಹೂಡಿಕೆದಾರರ ಹಣ ಬೆನ್ನಿಗಿದ್ದವರು ಕೊಡುವ ರಿಯಾಯಿತಿಯನ್ನು ಬಾಡಿಗೆ ಕಟ್ಟುವ ಅಂಗಡಿ ಕೊಡಲಾರದು. ರಿಯಾಯಿತಿಯಿಂದ ಹೆಸರು ಮಾಡಿದ ಅಂಗಡಿಗಳ ಕಾಲ ರಿಯಾಯಿತಿಯಲ್ಲೇ ಕಟ್ಟಿಹೋಯಿತು.

ಆದರೆ ಕಥೆ ಪೂರ್ತಿ ಶೋಕದ್ದಲ್ಲ. ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದ ಮಾಯಿ ಗೌಡರು ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಬುಕ್ ಹೌಸ್ ಕಟ್ಟಿದರು. ಅದೇ ಬೀದಿಯಲ್ಲಿ ಬುಕ್‌ವರ್ಮ್ ಇದೆ. ಪ್ರೀಮಿಯರ್ ಹೋದರೂ ಅದರ ಆಸುಪಾಸಿನಲ್ಲಿ ಪುಸ್ತಕಕ್ಕಾಗಿ ಅಲೆಯುವ ಅಭ್ಯಾಸ ಉಳಿಯಿತು.

ಸ್ಟ್ರಾಂಡ್, ಪ್ರೀಮಿಯರ್ ಎರಡೂ ಮುಖ್ಯವಾಗಿ ಇಂಗ್ಲಿಷ್ ಪುಸ್ತಕದ ಅಂಗಡಿಗಳು. ಕರಾವಳಿಯಿಂದ ಹೊರಟವರು ಪರಭಾಷೆಯ ಓದುಗರ ಲೆಕ್ಕ ಇಟ್ಟರು. ನಮ್ಮ ಕನ್ನಡದ ಓದಿನ ಲೆಕ್ಕ ಹೊರನಾಡಿನಲ್ಲಿ ಯಾರು ಇಟ್ಟಿದ್ದಾರೆ? ಪುಣೆಯಲ್ಲೋ ದೆಹಲಿಯಲ್ಲೋ ಸಂಬಳದ ದಿನ ನಡೆದುಕೊಂಡು ಹೋಗಿ ರಾಶಿ ಕೆದಕುವಂಥ ಕನ್ನಡ ಪುಸ್ತಕದಂಗಡಿ ಸಿಗುವುದು ಅಪರೂಪ. ಸಂಘದ ಕಪಾಟು, ಊರಿಗೆ ಹೋದಾಗ ತುಂಬಿಕೊಂಡ ಚೀಲ, ಅಂಚೆ ಇವೇ ನಮ್ಮ ದಾರಿ. ಆ ಅಂಚೆಯೂ ಖಾತ್ರಿಯಲ್ಲ. 2024ರ ಡಿಸೆಂಬರಿನಲ್ಲಿ ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ಸೇವೆ ನಿಂತಾಗ ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ.

ಹಾಗಾಗಿ ಒಂದು ಸಲಹೆ. ನಿಮ್ಮೂರಿನಲ್ಲಿ ಅಥವಾ ಬೆಂಗಳೂರು, ಧಾರವಾಡ, ಮೈಸೂರುಗಳಲ್ಲಿ ಒಂದು ಸಣ್ಣ ಕನ್ನಡ ಪುಸ್ತಕದಂಗಡಿಯನ್ನು ಆರಿಸಿಕೊಳ್ಳಿ. ತಿಂಗಳಿಗೊಮ್ಮೆ ಫೋನ್ ಮಾಡಿ. ಹಿಂದಿನ ತಿಂಗಳು ಓದಿದ್ದು ಹಿಡಿಸಿತೇ ಇಲ್ಲವೇ ಹೇಳಿ, ಮುಂದಿನದನ್ನು ಅವರನ್ನೇ ಕೇಳಿ, ದುಡ್ಡು ಕಳಿಸಿ. ಆರು ತಿಂಗಳು ಹೀಗೆ ನಡೆದರೆ ನಿಮ್ಮ ರುಚಿ ಅವರಿಗೆ ಗೊತ್ತಾಗಿರುತ್ತದೆ. ಏಳನೇ ತಿಂಗಳು ನೀವು ಮರೆತರೆ ಫೋನ್ ಬಹುಶಃ ಅಲ್ಲಿಂದಲೇ ಬರುತ್ತದೆ.