ಏಣಿ, ಡಬ್ಬ, ಮುಚ್ಚಳ: ಚಾಸಿ ಬಿಗಿ ಮಾಡಿದರೆ ಕಾರು ಚೆನ್ನಾಗಿ ತಿರುಗುತ್ತಾ?

ಟಿ. ದಾಸರಹಳ್ಳಿಯಲ್ಲಿ ಇರೋರಿಗೆ ಪೀಣ್ಯ ಪಕ್ಕದಲ್ಲೇ. ಪೈಪ್ ಬಗ್ಗಿಸೋರು, ವೆಲ್ಡಿಂಗ್ ಮಾಡೋರು, ಲೇಸರ್ ಕಟಿಂಗ್‌ನೋರು, ಎಲ್ಲರೂ ಕೂಗಳತೆಯಲ್ಲಿ ಸಿಗ್ತಾರೆ. ಹಾಗಾಗಿ ಕಾರಿನ ಹುಚ್ಚಿರೋ ಗೆಳೆಯರಿಂದ ನನಗೆ ಒಂದೇ ಬೇಡಿಕೆ: 'ಗುರು, ಒಂದು ಸ್ಟ್ರಟ್ ಬಾರ್ ಮಾಡಿಸಿಕೊಡು.' ಬಾನೆಟ್ ಒಳಗೆ ಎಡ ಸಸ್ಪೆನ್ಷನ್ ತಲೆಯಿಂದ ಬಲದ್ದಕ್ಕೆ ಅಡ್ಡ ಹಾಕೋ ಸರಳು. ಹಾಕಿದ್ರೆ ಕಾರು ತಿರುವಿನಲ್ಲಿ 'ರೈಲು ಥರ' ಹೋಗುತ್ತೆ ಅನ್ನೋದು ನಂಬಿಕೆ. ಹೌದಾ ಅಲ್ವಾ ಅಂತ ಹೇಳೋಕೆ ಮುಂಚೆ ನಾನು ಕೇಳೋದು: ಯಾವ ಕಾರು? ಯಾಕೆ ಹಾಗೆ ಕೇಳ್ತೀನಿ ಅನ್ನೋದಕ್ಕೆ ನೂರು ವರ್ಷದ ಕಥೆ ಇದೆ.

ನಮ್ಮ ತುಮಕೂರು ರಸ್ತೆಯಲ್ಲಿ ಬಾಡಿನೇ ಇಲ್ಲದ ಲಾರಿ ಓಡೋದನ್ನ ನೀವು ನೋಡಿರಬಹುದು. ಎರಡು ಉದ್ದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ, ಮೇಲೆ ಡ್ರೈವರ್. ಅದೇ ಚಾಸಿ, ಏಣಿ ಮಲಗಿಸಿದ ಹಾಗೆ. ಹಳೇ ಕಾರುಗಳೂ ಹೀಗೇ ಇದ್ದವು. ಏಣಿ ಬಾಗೋದು ಕಷ್ಟ, ಆದರೆ ಎರಡು ತುದಿ ಹಿಡಿದು ತಿರುಚಿದ್ರೆ ಸುಲಭವಾಗಿ ತಿರುಚಿಕೊಳ್ಳುತ್ತೆ. ಇಟಲಿಯ ಲಾನ್ಸಿಯಾ ಕಂಪನಿ 1922ರಲ್ಲಿ ಲ್ಯಾಂಬ್ಡಾ ಕಾರಿನಲ್ಲಿ ಏಣಿ ಬಿಟ್ಟು, ಬಾಡಿಯನ್ನೇ ಭಾರ ಹೊರೋ ಡಬ್ಬ ಮಾಡಿತು. 1934ರಲ್ಲಿ ಸಿಟ್ರೊಯೆನ್ ಅದನ್ನ ದೊಡ್ಡ ಸಂಖ್ಯೆಯಲ್ಲಿ ಮಾಡಿ ತೋರಿಸಿತು. ನಮ್ಮ ಅಂಬಾಸಿಡರ್ ಕೂಡ ಏಣಿ ಚಾಸಿಯ ಕಾರಲ್ಲ, ಡಬ್ಬದ ಕಾರೇ.

ಮನೇಲಿರೋ ಚಪ್ಪಲಿ ಡಬ್ಬ ತಗೊಳ್ಳಿ. ಮುಚ್ಚಳ ಅಂಟಿಸಿ ತಿರುಚಿ ನೋಡಿ, ಜಗ್ಗಲ್ಲ. ಮುಚ್ಚಳ ತೆಗೆದು ತಿರುಚಿ, ಬಾಳೆ ಎಲೆ ಥರ ಸೊಟ್ಟ ಆಗುತ್ತೆ. ಚಾವಣಿ ಇರೋ ಕಾರಿಗೂ ಇಲ್ಲದ ಸ್ಪೋರ್ಟ್ಸ್ ಕಾರಿಗೂ ಇರೋ ವ್ಯತ್ಯಾಸ ಇದು. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಮತ್ತೆ ಏಣಿಗೆ ಹೋಯಿತು. ಅವರ ಡಾಲ್ಫಿನ್ ಬ್ರಿಟನ್ನಿನ ರಿಲಯಂಟ್ ಕಿಟನ್‌ನ ನಮ್ಮೂರ ರೂಪ: 848 ಸಿಸಿ ಎಂಜಿನ್, ಕೆಳಗೆ ಉಕ್ಕಿನ ಚಾಸಿ, ಮೇಲೆ ಫೈಬರ್‌ಗ್ಲಾಸ್ ಬಾಡಿ. ಉಕ್ಕಿನ ಬಾಡಿ ಒತ್ತೋಕೆ ಭಾರೀ ಪ್ರೆಸ್ಸು, ಡೈ ಬೇಕು. ಸಣ್ಣ ಕಂಪನಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಫೈಬರ್‌ಗೆ ಅಚ್ಚು ಸಾಕು. ಹಗುರ ಇದ್ದದ್ದಕ್ಕೆ ಡಾಲ್ಫಿನ್ ರೇಸು, ರ್‍ಯಾಲಿಗಳಲ್ಲೂ ಓಡಿತು. ಮನೆಯೋರು ಮಾತ್ರ ಮಾರುತಿ 800 ಕಡೆ ಹೋದರು. ಆ ಕಾಲದ ಸ್ಥಳೀಯ ಸಾಹಸವನ್ನ ನಾವು ಬೇಗ ಮರೆತೆವು ಅಂತ ನನಗೆ ಈಗಲೂ ಸ್ವಲ್ಪ ಬೇಜಾರಿದೆ.

ಫೈಬರ್ ಬಾಡಿ, ಉಕ್ಕಿನ ಚಾಸಿ ಅಂದ ಮಾತ್ರಕ್ಕೆ ಕಾರು ಸಡಿಲ ಆಗಲೇಬೇಕು ಅಂತಿಲ್ಲ. 1962ರ ಲೋಟಸ್ ಇಲಾನ್ ನೋಡಿ. ಮೇಲೆ ತೆರೆದ ಫೈಬರ್ ಬಾಡಿ, ಒಳಗೆ ತಗಡು ಮಡಚಿ ಮಾಡಿದ ಪೆಟ್ಟಿಗೆಯಂಥ ಬೆನ್ನೆಲುಬು. ಸಸ್ಪೆನ್ಷನ್ ಪರೀಕ್ಷೆಗೆ ಅಂತ ತಾತ್ಕಾಲಿಕವಾಗಿ ಮಾಡಿದ್ದು, ಗಟ್ಟಿ ಇದೆ ಅಂತ ಅದನ್ನೇ ಉಳಿಸಿಕೊಂಡರಂತೆ. ಅದರ ಮೇಲೆ ಕಾಲಿನ್ ಚಾಪ್‌ಮನ್ ಇಟ್ಟದ್ದು ಮೃದುವಾದ ಸ್ಪ್ರಿಂಗು. ಗುಟ್ಟು ಇರೋದು ಇಲ್ಲೇ. ಚಾಸಿ ತಾನೇ ಸ್ಪ್ರಿಂಗ್ ಥರ ತಿರುಚಿದ್ರೆ ನಿಜವಾದ ಸ್ಪ್ರಿಂಗಿಗೆ ಕೆಲಸ ಮಾಡೋಕೆ ಬಿಡಲ್ಲ. ಮುಂದಿನ ಆಂಟಿ-ರೋಲ್ ಬಾರ್ ದಪ್ಪ ಮಾಡಿದ್ರೂ ಅದರ ಪರಿಣಾಮ ಹಿಂದಿನ ಚಕ್ರದವರೆಗೆ ಪೂರ್ತಿ ತಲುಪಲ್ಲ, ನಡುವೆ ಬಾಡಿನೇ ನುಂಗಿಬಿಡುತ್ತೆ. ಚಾಸಿ ಒಂದು ಹಂತ ದಾಟಿ ಗಟ್ಟಿಯಾದ ಮೇಲೆ ಇನ್ನಷ್ಟು ಬಿಗಿ ಮಾಡಿದ್ರೆ ಸಿಗೋ ಲಾಭ ಚೂರುಪಾರು.

ಹಾಗಾದ್ರೆ ಸ್ಟ್ರಟ್ ಬಾರ್? ಮ್ಯಾಕ್‌ಫರ್ಸನ್ ಸ್ಟ್ರಟ್ ಅನ್ನೋ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗಿನ ಭಾರವೂ, ತಿರುವಿನಲ್ಲಿ ಬರೋ ಅಡ್ಡ ಒತ್ತಡದ ಒಂದು ಪಾಲೂ ಸ್ಟ್ರಟ್ಟಿನ ತಲೆಗೆ ಬೀಳುತ್ತೆ. ಎರಡು ತಲೆ ಸೇರಿಸೋದಕ್ಕೆ ಅರ್ಥ ಇರೋದು ಅಲ್ಲಿ. ಡಬಲ್ ವಿಶ್‌ಬೋನ್ ಇದ್ದರೆ ಅಡ್ಡ ಒತ್ತಡವನ್ನ ಕೆಳಗಿನ ಮೇಲಿನ ತೋಳುಗಳೇ ಹೊರುತ್ತವೆ. ಸ್ಪ್ರಿಂಗಿನ ತಲೆಗಳ ನಡುವೆ ಸರಳು ಹಾಕಿದ್ರೆ ಬಹುಪಾಲು ಶೋಕಿ.

ಕಂಪನಿಗಳೇ ಎಲ್ಲಿ ಸರಳು ಸೇರಿಸಿದವು ಅನ್ನೋದು ನನಗೆ ಜಾಹೀರಾತಿಗಿಂತ ದೊಡ್ಡ ಸಾಕ್ಷಿ. 1989ರಲ್ಲಿ ಬಂದ ಮಜ್ಡಾ ಎಂಎಕ್ಸ್-5 ತೆರೆದ ಕಾರು, ಅಂದರೆ ಮುಚ್ಚಳ ಇಲ್ಲದ ಡಬ್ಬ. ನಾಲ್ಕೂ ಕಡೆ ಡಬಲ್ ವಿಶ್‌ಬೋನ್. ಮುಂದೆ 1.8 ಲೀಟರ್ ಎಂಜಿನ್ ಹಾಕುವಾಗ ಮಜ್ಡಾ ಸೀಟಿನ ಹಿಂದೆ, ಸೀಟ್‌ಬೆಲ್ಟ್ ಗೋಪುರಗಳ ನಡುವೆ ಒಂದು ಸರಳು, ಕೆಳಗೆ ಸಬ್‌ಫ್ರೇಮಿಗೆ ಇನ್ನಷ್ಟು ಸರಳು ಹಾಕಿತು. ಬಾನೆಟ್ ತೆಗೆದರೆ ಹೊಳೆಯೋ ಜಾಗದಲ್ಲಲ್ಲ, ಡಬ್ಬ ತಿರುಚೋ ಜಾಗದಲ್ಲಿ. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ಗೋವಾದಲ್ಲಿ ಮಾಡಿದ ಸ್ಟಾರ್ಮ್ ಕೂಡ ಇದೇ ಜಾತಿ: ಎರಡು ಸೀಟು, ಫೈಬರ್ ಬಾಡಿ, ರೆನೋ ಎಂಜಿನ್. ಅಂಥ ಕಾರು ಯಾರಾದ್ರೂ ತಂದ್ರೆ ನಾನು ಮೊದಲು ಅದರ ಕೆಳಗೆ ಮಲಗಿ ನೋಡ್ತೀನಿ.

ಈಗ ತೀರ್ಪು. ತೆರೆದ ಕಾರು, ತುಂಬಾ ಹಳೇ ಕಾರು, ಅಗಲ ಟೈರು ಗಟ್ಟಿ ಸ್ಪ್ರಿಂಗು ಹಾಕಿ ಟ್ರ್ಯಾಕಿಗೆ ಹೋಗೋ ಕಾರು: ಸರಿಯಾದ ಜಾಗದಲ್ಲಿ ಬ್ರೇಸ್ ಹಾಕಿಸಿ, ಸ್ಟೇರಿಂಗ್‌ನಲ್ಲೇ ಗೊತ್ತಾಗುತ್ತೆ. ಇವತ್ತಿನ ಮುಚ್ಚಿದ ಹ್ಯಾಚ್‌ಬ್ಯಾಕಿಗೆ ಆ ದುಡ್ಡು ಮೊದಲು ಒಳ್ಳೆ ಟೈರಿಗೆ, ಸವೆದ ರಬ್ಬರ್ ಬುಷ್‌ಗೆ, ಅಲೈನ್‌ಮೆಂಟಿಗೆ ಹೋಗಲಿ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಯಾವ ಬ್ರೇಸೂ ಒಂದೇ. ಇನ್ನೊಂದು ವಿಷಯ: ಒಂದು ಕಡೆ ಗುದ್ದಿದ್ರೆ ಸ್ಟ್ರಟ್ ಬಾರ್ ಆ ಏಟನ್ನ ಇನ್ನೊಂದು ಕಡೆಗೂ ದಾಟಿಸಬಹುದು. ಬಾಡಿಗೆ ವೆಲ್ಡ್ ಮಾಡಿಸೋ ಮುಂಚೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದ್ಕೊಳ್ಳಿ. ತಯಾರಕರು ಕೊಟ್ಟ ರೂಪ ಬದಲಾಯಿಸೋದಕ್ಕೆ ಅಲ್ಲಿ ಕಟ್ಟುಪಾಡಿದೆ. ಬೋಲ್ಟ್ ಹಾಕಿ ಬಿಚ್ಚೋ ಹಾಗಿದ್ರೆ ಕನಿಷ್ಠ ವಾಪಸ್ ಬರೋ ದಾರಿ ಇರುತ್ತೆ.

ಆರ್ಡರ್ ಕೊಡೋ ಮುಂಚೆ ಬಿಟ್ಟಿ ಪರೀಕ್ಷೆ ಒಂದಿದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಒಂದೇ ಮೂಲೆಯನ್ನ ಕಂಪನಿ ಹೇಳಿದ ಜಾಕ್ ಪಾಯಿಂಟಿನಲ್ಲಿ ಎತ್ತಿ. ಕೆಳಗೆ ಮಾತ್ರ ಹೋಗಬೇಡಿ. ಆ ಕಡೆ ಬಾಗಿಲು ಮೆಲ್ಲಗೆ ತೆಗೆದು ಹಾಕಿ ನೋಡಿ. ಮೊದಲಿನ ಹಾಗೇ ಟಪ್ ಅಂತ ಕೂತರೆ ಪೀಣ್ಯಕ್ಕೆ ಹೋಗೋ ಅವಸರ ಇಲ್ಲ. ಚೌಕಟ್ಟಿಗೆ ಉಜ್ಜಿದ್ರೆ, ಲಾಕ್ ಸಿಗದೇ ಇದ್ರೆ, ಫೋನ್ ಮಾಡಿ.