ಸೋರಿಯಾಸಿಸ್‌ಗೆ ಪ್ರೋಟೀನ್ ಚುಚ್ಚುಮದ್ದು: ಹತೋಟಿಯಷ್ಟೇ, ಶಾಶ್ವತ ಪರಿಹಾರವಲ್ಲ

ಸೋರಿಯಾಸಿಸ್ ಅಂಟುರೋಗವೆಂಬ ತಪ್ಪು ಕಲ್ಪನೆ ಸಮಾಜದಲ್ಲಿ ಇನ್ನೂ ಅಳಿದಿಲ್ಲ. ವಾಸ್ತವವಾಗಿ ಇದು ದೇಹದ ರೋಗನಿರೋಧಕ ವ್ಯವಸ್ಥೆ ಹದ ತಪ್ಪುವುದರಿಂದ ಉಂಟಾಗುವ ಉರಿಯೂತ, ಮುಟ್ಟಿದರೆ ಹರಡುವುದಿಲ್ಲ. ಆರೋಗ್ಯವಂತರಲ್ಲಿ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಹಿಡಿದರೆ, ಈ ರೋಗಿಗಳಲ್ಲಿ ಕೆಲವೇ ದಿನಗಳಲ್ಲಿ ಕೋಶಗಳು ಬೆಳೆದು ಕೆಂಪು ಕಲೆ ಹಾಗೂ ಬಿಳಿ ಹೊಪ್ಪಳೆಗಳಾಗುತ್ತವೆ. ಕೆಲವರಲ್ಲಿ ಕೀಲುಗಳಿಗೂ ಊತ ತಗುಲುತ್ತದೆ. 2014ರಲ್ಲಿ ವಿಶ್ವ ಆರೋಗ್ಯ ಅಧಿವೇಶನವು ಇದನ್ನು ದೀರ್ಘಕಾಲಿಕ ಅಸಾಂಕ್ರಾಮಿಕ ರೋಗವೆಂದು ನಿರ್ಣಯದ ಮೂಲಕ ಗುರುತಿಸಿತು.

ಕೆಲಸ ಮಾಡುವ ಬಗೆ

ರೋಗ ಅಲ್ಪ ಪ್ರಮಾಣದಲ್ಲಿದ್ದರೆ ಮುಲಾಮು ಸಾಕು. ಹೆಚ್ಚಾದಲ್ಲಿ ಬೆಳಕಿನ ಚಿಕಿತ್ಸೆ ಅಥವಾ ಮೆಥೊಟ್ರೆಕ್ಸೇಟ್‌ನಂತಹ ಮಾತ್ರೆ ನೀಡಲಾಗುತ್ತದೆ. ಇವುಗಳಿಗೂ ಬಗ್ಗದ ರೋಗಕ್ಕೆ ಬಳಸುವುದೇ ‘ಬಯಾಲಾಜಿಕ್ಸ್’ ಎಂಬ ಜೈವಿಕ ಔಷಧ. ಜೀವಕೋಶಗಳಲ್ಲಿ ತಯಾರಿಸುವ ಈ ಪ್ರೋಟೀನ್‌ಗಳು ಉರಿಯೂತದ ಸಂದೇಶ ಒಯ್ಯುವ ನಿರ್ದಿಷ್ಟ ಅಣುವನ್ನು ಹಿಡಿದು ನಿಲ್ಲಿಸುತ್ತವೆ. ಎಟನರ್ಸೆಪ್ಟ್, ಅಡಲಿಮುಮಾಬ್‌ಗಳ ಗುರಿ ಟಿಎನ್‌ಎಫ್. ಸೆಕುಕಿನುಮಾಬ್‌ನ ಗುರಿ ಇಂಟರ್‌ಲ್ಯೂಕಿನ್-17. ನುಂಗಿದರೆ ಜಠರದಲ್ಲಿ ಜೀರ್ಣವಾಗುವುದರಿಂದ ಇವನ್ನು ಚುಚ್ಚುಮದ್ದಾಗಿಯೇ ನೀಡಬೇಕು. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು.

ಬೆಂಗಳೂರಿನ ಪಾತ್ರ

ಈ ಕ್ಷೇತ್ರದಲ್ಲಿ ರಾಜ್ಯದ ಹೆಸರೂ ಇದೆ. ಕ್ಯೂಬಾದ ಹವಾನಾದಲ್ಲಿರುವ ಅಣು ರೋಗನಿರೋಧ ವಿಜ್ಞಾನ ಕೇಂದ್ರದಲ್ಲಿ ಮೂಡಿದ ಇಟೊಲಿಜುಮಾಬ್ ಎಂಬ ಪ್ರತಿಕಾಯವನ್ನು ಬೆಂಗಳೂರಿನ ಬಯೋಕಾನ್ ಅಭಿವೃದ್ಧಿಪಡಿಸಿ, 2013ರಲ್ಲಿ ‘ಆಲ್ಜುಮಾಬ್’ ಹೆಸರಿನಲ್ಲಿ ಸೋರಿಯಾಸಿಸ್ ರೋಗಿಗಳಿಗಾಗಿ ಬಿಡುಗಡೆ ಮಾಡಿತು. ಟಿ ಕೋಶಗಳ ಮೇಲಿನ ಸಿಡಿ6 ಎಂಬ ಅಣುವೇ ಅದರ ಗುರಿ. 2014ರ ಕೊನೆಯಲ್ಲಿ ಅಡಲಿಮುಮಾಬ್‌ನ ಸಮಾನ ರೂಪವನ್ನು ಅಹಮದಾಬಾದ್‌ನ ಜೈಡಸ್ ಭಾರತದಲ್ಲಿ ಹೊರತಂದಿತು. ಇಂತಹ ಸಮಾನ ರೂಪಗಳಿಂದ ಬೆಲೆ ತಗ್ಗಿದೆಯಾದರೂ, ದೀರ್ಘಕಾಲ ಪಡೆಯಬೇಕಾದ ಈ ಚಿಕಿತ್ಸೆ ಮಧ್ಯಮ ವರ್ಗಕ್ಕೆ ಇಂದಿಗೂ ಹೊರೆಯೇ.

ಮೊದಲು ಕ್ಷಯ ತಪಾಸಣೆ

ದೇಹದ ಒಂದು ರಕ್ಷಣಾ ಸಂದೇಶವನ್ನು ತಡೆಯುವುದೆಂದರೆ ಒಂದು ಕಾವಲನ್ನು ಸಡಿಲಿಸಿದಂತೆ. ಕ್ಷಯದ ರೋಗಾಣುವನ್ನು ಶ್ವಾಸಕೋಶದಲ್ಲಿ ಬಂಧಿಸಿಡಲು ಟಿಎನ್‌ಎಫ್ ಬೇಕು. ಅದನ್ನು ತಡೆದಾಗ, ಯಾವ ಲಕ್ಷಣವೂ ಇಲ್ಲದೆ ಅಡಗಿದ್ದ ಕ್ಷಯ ತಲೆಯೆತ್ತಬಹುದು. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಇದು ಕಡೆಗಣಿಸುವ ಮಾತಲ್ಲ. ಆದ್ದರಿಂದ ಚಿಕಿತ್ಸೆಗೆ ಮುನ್ನ ಎದೆಯ ಎಕ್ಸ್-ರೇ, ಕ್ಷಯದ ಚರ್ಮ ಅಥವಾ ರಕ್ತ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಅಗತ್ಯ. ಅಡಗಿದ ಕ್ಷಯ ಕಂಡುಬಂದರೆ ಮೊದಲು ಅದರ ಔಷಧ ಆರಂಭಿಸಲಾಗುತ್ತದೆ.

ಎಚ್ಚರಿಕೆಗೆ ಪೂರ್ವ ನಿದರ್ಶನವೂ ಉಂಟು. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿದ್ದ ಎಫಾಲಿಜುಮಾಬ್, ಕೆಲವು ರೋಗಿಗಳಲ್ಲಿ ಮಾರಕ ಮೆದುಳಿನ ಸೋಂಕು ಕಾಣಿಸಿಕೊಂಡಿದ್ದರಿಂದ 2009ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ರೋಗಿಗಳು ಗಮನಿಸಬೇಕಾದದ್ದು

ಚರ್ಮ ತಿಳಿಯಾಯಿತೆಂದು ತಾವಾಗಿಯೇ ಚುಚ್ಚುಮದ್ದು ನಿಲ್ಲಿಸಬಾರದು. ಬಹಳಷ್ಟು ಜನರಲ್ಲಿ ರೋಗ ಮರಳುತ್ತದೆ. ವಾರಗಟ್ಟಲೆ ಕೆಮ್ಮು, ಜ್ವರ, ತೂಕ ಇಳಿಕೆ ಕಂಡಲ್ಲಿ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಜೀವಂತ ರೋಗಾಣುವಿನಿಂದ ತಯಾರಾದ ಲಸಿಕೆಗಳನ್ನು ಈ ಅವಧಿಯಲ್ಲಿ ಪಡೆಯುವಂತಿಲ್ಲ. ಮೊದಲ ಚುಚ್ಚುಮದ್ದಿಗೆ ಮುನ್ನವೇ ಖರ್ಚು, ಅವಧಿ ಮತ್ತು ತಪಾಸಣೆಗಳ ಬಗ್ಗೆ ಚರ್ಮರೋಗ ತಜ್ಞರಲ್ಲಿ ವಿಚಾರಿಸಿಕೊಳ್ಳುವುದು ಒಳಿತು.