ಸದ್ದಿಲ್ಲದೆ ಹರಿಯುವ ಹಗ್ಗ

ಬಂದರು ಸೇರಿದೊಡನೆ ನಾವಿಕನ ಗಂಡಾಂತರ ಕಳೆಯಿತೆಂದು ದಡದಲ್ಲಿರುವ ನಾವು ತಿಳಿಯುತ್ತೇವೆ. ಹಡಗನ್ನು ದಕ್ಕೆಗೆ ಕಟ್ಟುವ, ಬಿಚ್ಚುವ ಗಳಿಗೆಯೂ ಗಂಡಾಂತರದ್ದೇ. ಅದರ ಚರಿತ್ರೆಯೆಂದರೆ ಬಹುಮಟ್ಟಿಗೆ ಹಗ್ಗದ ಚರಿತ್ರೆ.

ಹಿಂದೆ ಹಡಗು ಕಟ್ಟಲು ಮನಿಲಾ ಹಗ್ಗವಿತ್ತು. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಬೆಳೆಯುವ, ನಮ್ಮ ಬಾಳೆಗೆ ದಾಯಾದಿಯಾದ ಅಬಾಕಾ ಗಿಡದ ನಾರಿನಿಂದ ಅದನ್ನು ಹೊಸೆಯುತ್ತಿದ್ದರು. ಸೆಳೆತ ಮಿತಿಮೀರಿದರೆ ಅದು ಕಿರುಗುಟ್ಟಿ, ಎಳೆಯೆಳೆಯಾಗಿ ಹರಿಯತೊಡಗುವುದು. ಆ ದನಿ ಕೇಳಿ ಖಲಾಸಿಗಳು ದೂರ ಸರಿಯುತ್ತಿದ್ದರು.

1935ರಲ್ಲಿ ಅಮೆರಿಕದ ವ್ಯಾಲೇಸ್ ಕ್ಯಾರೊದರ್ಸ್ ನೈಲಾನನ್ನು ಕಂಡುಹಿಡಿದನು. ಎರಡನೆಯ ಮಹಾಯುದ್ಧದ ತರುವಾಯ ನೈಲಾನ್ ಹಗ್ಗ ಹಡಗುಗಳಲ್ಲಿ ಬಳಕೆಗೆ ಬಂದಿತು. ಅದು ಕೊಳೆಯದು, ಬಲವೂ ಹೆಚ್ಚು. ಆದರೆ ಎಳೆದಂತೆಲ್ಲ ಹಿಗ್ಗಿ, ಬಿಲ್ಲಿನಂತೆ ಶಕ್ತಿ ತುಂಬಿಕೊಂಡು, ಸುಳಿವು ಕೊಡದೆ ಹರಿದು, ಎವೆಯಿಕ್ಕುವುದರೊಳಗೆ ಹಿಂದಕ್ಕೆ ಬೀಸುತ್ತದೆ. ಅದರ ಹಾದಿಯಲ್ಲಿ ನಿಂತವರ ಕೈಕಾಲು, ಒಮ್ಮೊಮ್ಮೆ ಪ್ರಾಣವೇ ಹೋಗುತ್ತದೆ.

ಆ ಹಾದಿಯನ್ನು ಡೆಕ್ಕಿನ ಮೇಲೆ ಬಣ್ಣದ ಗೆರೆ ಎಳೆದು ಗುರುತಿಸುವ ಪದ್ಧತಿ ಬಂದಿತು. ಗೆರೆಯಾಚೆ ನಿಂತವರು ನಿಶ್ಚಿಂತರಾದರು; ಹಗ್ಗಕ್ಕೆ ಗೆರೆಯ ಹಂಗೆಲ್ಲಿ? 2015ರಲ್ಲಿ ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್ನಿನಲ್ಲಿ ‘ಜಾರ್ಗಾ’ ಎಂಬ ಅನಿಲವಾಹಕ ಹಡಗನ್ನು ಕಟ್ಟುವಾಗ, ಹೆಚ್ಚು ಹಿಗ್ಗದ ಹೊಸ ಬಗೆಯ ಹಗ್ಗವೂ ಹರಿದು ಬೀಸಿ ಅಧಿಕಾರಿಯೊಬ್ಬರ ತಲೆಗೆ ತೀವ್ರ ಪೆಟ್ಟಾಯಿತು. ಗೆರೆ ಹುಸಿ ಧೈರ್ಯ ಕೊಡುತ್ತದೆ, ಹಗ್ಗ ಕಟ್ಟುವ ಜಾಗವನ್ನೆಲ್ಲ ಅಪಾಯದ್ದೆಂದೇ ಎಣಿಸಬೇಕು ಎಂಬ ತಿಳಿವಳಿಕೆ ಬಲಿಯಿತು. 2024ರ ಜನವರಿ 1ರಿಂದ ಹಗ್ಗಗಳ ತಪಾಸಣೆ, ಪಾಲನೆಗಳು ಅಂತರರಾಷ್ಟ್ರೀಯ ನಿಯಮದಂತೆ ಕಡ್ಡಾಯವಾದವು.

ಹಳೆಯ ಹಗ್ಗ ತಾನೇ ಕೂಗಿ ಹೇಳುತ್ತಿದ್ದುದನ್ನು ಈಗ ಮನುಷ್ಯನೇ ಮೊದಲು ನೋಡಿ ತಿಳಿಯಬೇಕಾಗಿದೆ.